ಹುಣಸೆಹಣ್ಣಿಗೆ ಸಿಕ್ಕಿದ ರೋಮಿನ ದೊರೆ

ನಮ್ಮ ಸೋದರಮಾವನಿಗೆ ಬದುಕಿರುವವರ ಗುರುತು ಸಿಗುವುದಿಲ್ಲ. ಸತ್ತು ಸಾವಿರಾರು ವರ್ಷವಾದ ರೋಮಿನ ದೊರೆಗಳಾದರೆ ಮೂಗು ನೋಡಿಯೇ ಹೇಳಿಬಿಡುತ್ತೇನೆ ಎನ್ನುತ್ತಾರೆ! ದಾದರ್ ಸ್ಟೇಷನ್ನಿನಲ್ಲಿ ನಾನು ಎದುರಿಗೇ ನಿಂತು "ಮಾವಾ" ಅಂದರೆ, "ಲೋಕಲ್ ಇನ್ನೂ ಬಂದಿಲ್ಲ" ಎಂದು ಮುಂದೆ ನಡೆದ ಮಹಾನುಭಾವರು. ಅದೇ ಲೋಕಲ್ಲಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ ಸೇಠರೊಬ್ಬರನ್ನು ದಿಟ್ಟಿಸಿ, "ಇದೇ ಮೂಗು ಕಣೋ! ನನ್ನ ನಾಣ್ಯದ ದೊರೆಯ ಮೂಗು!" ಎಂದು ಕೂಗಿದರು. ಪಾಪ, ಸೇಠರು ಮುಂದಿನ ಸ್ಟೇಷನ್ನಿನಲ್ಲೇ ಇಳಿದುಹೋದರು.

ಈ ಗ್ರಹಚಾರ ಅಂಟಿಕೊಂಡದ್ದು ಗ್ರಾಂಟ್ ರೋಡಿನ ಗುಜರಿ ಅಂಗಡಿಯಲ್ಲಿ. ಮಾವ ಕಿಲುಬು ಹಿಡಿದ ಕಂಚಿನ ಬಿಲ್ಲೆಯೊಂದನ್ನು ಎತ್ತಿಕೊಂಡು "ರೋಮಿನ ನಾಣ್ಯ!" ಎಂದು ಗದ್ಗದಿತರಾದರು. ಅಂಗಡಿಯವನು, "ಅರೇ ಸಾಬ್, ಯೇ ತೋ ಕೋಟ್ ಕಾ ಬಟನ್ ಹೈ" ಎಂದ.

"ಬಟನ್ ಅಂತೆ! ಹಾಗಾದ್ರೆ ತೂತು ಎಲ್ಲೋ?" ಎಂದು ಮಾವ ನನ್ನ ಮೇಲೆ ರೇಗಿದರು. ನಾನೇನು ಮಾಡಿದ್ದೆ?

ನಾಣ್ಯ ಗುರುತಿಸುವುದಕ್ಕೂ ಶಾಸ್ತ್ರವಿದೆ ಸ್ವಾಮಿ! ತಲೆಯ ಮೇಲೆ ಎಲೆಗಳ ಹಾರವೋ, ಕಿರಣದಂಥ ಮೊನೆಗಳ ಕಿರೀಟವೋ ನೋಡಬೇಕು. ಸುತ್ತಲಿನ ಅಕ್ಷರ ಓದಬೇಕು. ಹಿಂಬದಿಯಲ್ಲಿ ನಿಂತ ದೇವತೆಯ ಕೈಯಲ್ಲಿ ತಕ್ಕಡಿಯೋ ಹೂವೋ ತಿಳಿಯಬೇಕು. ಮಾವನ ನಾಣ್ಯದಲ್ಲಿ ಇದ್ದದ್ದೇನು? ಕಿಲುಬು, ಅದರೊಳಗೊಂದು ಮೂಗು, ಹಿಂಬದಿಯಲ್ಲಿ ಕೈಯೇ ಕಾಣದ ದೇವತೆಯೊಬ್ಬಳು! ಅಂಚಿನಲ್ಲಿ ಉಳಿದದ್ದು ಮೂರೇ ಅಕ್ಷರ; ಅವೂ ಎಲ್ಲ ದೊರೆಗಳ ಬಿರುದಿನಲ್ಲೂ ಇರುತ್ತಿದ್ದವಂತೆ. ಹಣೆಬರಹ!

ಭಾನುವಾರ ಬಂತೆಂದರೆ ಸಯನ್ನಿನ ಮನೆಯ ಗ್ಯಾಲರಿಯಲ್ಲಿ ಕೂತು, ಓರೆ ಬಿಸಿಲಿಗೆ ನಾಣ್ಯ ಹಿಡಿದು, ಭೂತಗನ್ನಡಿಯಲ್ಲಿ ಇಣುಕಿ ನಿಟ್ಟುಸಿರು ಬಿಡುವುದೇ ಕೆಲಸ. "ಇವನ ಹೆಸರು ತಿಳಿಯದೇ ನಾನು ಸಾಯ್ತೀನಿ ಕಣೋ" ಎನ್ನುವರು.

"ಕಿಲುಬು ತೆಗೆದುಬಿಡಿ ಮಾವ."

"ತೆಗೆದರೆ ಮುಖಾನೂ ಅದರ ಜೊತೆ ಹೋಗುತ್ತೆ! ಇಷ್ಟು ಕಾಲ ಕಾಪಾಡಿರೋದೇ ಆ ಹಸಿರು."

ಒಳಗಿನಿಂದ ಅತ್ತೆ, "ರೀ, ಒಂದು ದಿನವಾದ್ರೂ ನನ್ನ ಮುಖ ಹಾಗೆ ನೋಡಿದ್ದೀರಾ?" ಎನ್ನುವರು. ಮಾವ ತಲೆ ಎತ್ತದೆ, "ನಿನ್ನ ಮುಖ ಸವೆದಿಲ್ಲವಲ್ಲೇ!" ಎನ್ನುವರು.

ವರಮಹಾಲಕ್ಷ್ಮಿ ಹಬ್ಬ ಬಂತು. ಹಬ್ಬಕ್ಕೆ ಮೊದಲು ಮನೆಯ ಕಂಚು, ಹಿತ್ತಾಳೆಯೆಲ್ಲ ಹುಣಸೆಹಣ್ಣಿನಲ್ಲಿ ತೊಳೆಯಬೇಕಲ್ಲ! ಬೆಳಿಗ್ಗೆ ನೋಡಿದರೆ ದೀಪ, ಗಂಟೆ, ಪಂಚಪಾತ್ರೆಯ ಸಾಲಿನಲ್ಲಿ ರೋಮಿನ ದೊರೆಯೂ ಫಳಫಳ. ಕುಂಕುಮ ಬೇರೆ! ಹಸಿರಿಲ್ಲ, ಅಕ್ಷರವಿಲ್ಲ, ಆ ಮೂಗೂ ಇಲ್ಲ.

ಮಾವ ನಾಣ್ಯ ಎತ್ತಿ ಎರಡೂ ಬದಿ ತಿರುಗಿಸಿ ನೋಡಿದರು. "ಮುಗೀತು" ಎಂದಷ್ಟೇ ಹೇಳಿದರು.

ಅತ್ತೆ ಗಾಬರಿಯಾಗಿ, "ಮುಖ ಕಾಣಲ್ಲ ಅಂತ ಕಣ್ಣು ಹಾಳು ಮಾಡ್ಕೋತಿದ್ರಲ್ಲ, ಕಾಣಲಿ ಅಂತ ನಾನೇ ಉಜ್ಜಿದೆ. ನಾಣ್ಯದ ಹಿಂಬದಿಯಲ್ಲಿ ನಿಂತಿರೋದು ಲಕ್ಷ್ಮಿ ತಾನೇ?" ಎಂದರು. ಅವರಿಗೆ ಅಳು ಬಂದಿತ್ತು. ನಗಲೂ ಆಗದೆ ಅಳಲೂ ಆಗದೆ ನಾನು ಹೊರಗೆ ಹೋದೆ. ಆ ಹಬ್ಬದಲ್ಲಿ ಹೋಳಿಗೆ ಡಬ್ಬಿಯಲ್ಲೇ ಉಳಿಯಿತು. ಮಾವ ಭೂತಗನ್ನಡಿಯನ್ನು ಬೀರುವಿಗೆ ಸೇರಿಸಿದರು; ಅತ್ತೆಯ ಹತ್ತಿರ ಬಹಳ ದಿನ ಮಾತೇ ಆಡಲಿಲ್ಲ.

ಮರುವರ್ಷ ಹಬ್ಬಕ್ಕೆ ಮುಂಚೆಯೇ ಅತ್ತೆ ಜ್ವರದಲ್ಲಿ ಹೋಗಿಬಿಟ್ಟರು.

ಆಮೇಲೊಂದು ಶುಕ್ರವಾರ ಸಯನ್ನಿಗೆ ಹೋದೆ. ಮಾವ ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ದೇವರ ದೀಪ ತೊಳೆಯುತ್ತಿದ್ದರು. ದೀಪವಾದ ಮೇಲೆ ಆ ನಾಣ್ಯವನ್ನೂ ತೆಗೆದು, ಹುಣಸೆಹಣ್ಣು ಹಚ್ಚಿ ಮೆಲ್ಲಗೆ ಉಜ್ಜತೊಡಗಿದರು. ನನಗೆ ತಡೆಯಲಾಗಲಿಲ್ಲ.

"ಮಾವ, ಕೊನೆಗೂ ಅದು ಯಾರ ಕಾಲದ್ದು ಅಂತ ತಿಳೀತಾ?"

ಮಾವ ನಾಣ್ಯ ತೊಳೆದರು, ಪಂಚೆಯ ಅಂಚಿನಲ್ಲಿ ಒರೆಸಿದರು, ಬರಿಗಣ್ಣಿನಲ್ಲೇ ನೋಡಿದರು.

"ನಿಮ್ಮತ್ತೆ ಕಾಲದ್ದು ಕಣೋ" ಎಂದರು.