ದ್ವೇಷಕ್ಕೆ ಮೂರು ವರ್ಷದ ಪರಿಚಯ

ದ್ವೇಷಾಪರಾಧ ತಡೆ ಕಾಯ್ದೆಯಲ್ಲಿ ‘ದ್ವೇಷ’ ಎಂಬ ಪದಕ್ಕೆ ವ್ಯಾಖ್ಯೆ ಬರೆದವನು ನಾನೇ ಎಂಬುದನ್ನು ಈ ಮೂಲಕ ಸಾರ್ವಜನಿಕರ ಗಮನಕ್ಕೆ ತರಲಾಗಿದೆ.

ಸಮಿತಿಯ ಹನ್ನೊಂದು ಸಭೆಗಳಲ್ಲಿ ಒಮ್ಮತ ಮೂಡಿದ್ದು ಚಹಾದ ಹೊತ್ತಿನ ಬಗ್ಗೆ ಮಾತ್ರ. ಕೊನೆಗೆ ಅಧ್ಯಕ್ಷರು, ಅನುಭವವಿದ್ದವರು ಬರೆದು ತನ್ನಿ ಎಂದು ಕಡತವನ್ನು ನನ್ನತ್ತ ತಳ್ಳಿದರು. ನನಗಿದ್ದ ಅನುಭವ ಒಂದೇ, ನನ್ನ ಷಡ್ಡಕ. ಹೆಂಡತಿಯ ತಂಗಿಯನ್ನು ಕಟ್ಟಿಕೊಂಡ ದಿನದಿಂದ ಆತ ನನ್ನ ಹೊಟ್ಟೆ ಉರಿಸುತ್ತಿದ್ದಾನೆ. ಅವನನ್ನೇ ನೆನೆದು ಒಂದೇ ಉಸಿರಿಗೆ ಬರೆದೆ: “ದ್ವೇಷ ಎಂದರೆ, ಕನಿಷ್ಠ ಮೂರು ವರ್ಷ ಪರಿಚಯವಿದ್ದು, ಒಂದೇ ಮೇಜಿನಲ್ಲಿ ಕೂತು ಉಂಡ ವ್ಯಕ್ತಿಯ ಏಳಿಗೆಯನ್ನು ಸಹಿಸಲಾಗದ ಸ್ಥಿತಿ.” ಸಮಿತಿ ತಲೆದೂಗಿತು. ಎಲ್ಲರಿಗೂ ಷಡ್ಡಕರಿದ್ದರು.

ಕಾಯ್ದೆ ಜಾರಿಯಾದಾಗ ದೂರು ಸ್ವೀಕರಿಸುವ ಹೊಣೆಯೂ ನನಗೇ ಬಂತು. ಮೊದಲ ದೂರು ತಂದವರು ಕನ್ನಡಕದ ಅಂಗಡಿಯವರು. ನಿಮ್ಮ ಜನಕ್ಕೆ ಇಲ್ಲೇನು ಕೆಲಸ ಎಂದು ಐದು ಮಂದಿ ನುಗ್ಗಿ, ಗಾಜೆಲ್ಲ ಪುಡಿ ಮಾಡಿ, ಇವರ ಹಣೆ ಒಡೆದಿದ್ದರು. ದೂರು ದಾಖಲಾಗದಿದ್ದರೆ ಮತ್ತೆ ಬರುತ್ತಾರೆ, ಜೀವ ಉಳಿಯುವುದಿಲ್ಲ ಎಂದರು. ಪರಿಚಯ ಎಷ್ಟು ವರ್ಷದ್ದು ಎಂದು ವಿಚಾರಿಸಿದೆ.

“ಪರಿಚಯವೇ ಇಲ್ಲ ಸಾರ್. ನನ್ನ ಹೆಸರೂ ಗೊತ್ತಿಲ್ಲ ಅವರಿಗೆ.”

“ಹೆಸರೇ ಗೊತ್ತಿಲ್ಲದವರನ್ನ ದ್ವೇಷ ಮಾಡೋಕೆ ಹೇಗಾಗುತ್ತೆ, ನೀವೇ ಹೇಳಿ,” ಎಂದೆ. ನನ್ನ ತರ್ಕಕ್ಕೆ ನಾನೇ ಬೆರಗಾದೆ.

ಹಾಗೆಂದು ಇಲಾಖೆ ಕೈಕಟ್ಟಿ ಕೂರಲಿಲ್ಲ. ‘ಪರಿಚಯ ವರ್ಧನಾ ಉಪನಿಯಮ’ ಹೊರಡಿಸಿ, ಕಚೇರಿಯ ಊಟದ ಕೋಣೆಯಲ್ಲಿ ಐವರನ್ನೂ ಇವರನ್ನೂ ಎದುರುಬದುರು ಕೂರಿಸಿತು. ಊಟ ದೂರುದಾರರ ಖರ್ಚಿನಲ್ಲಿ. ಅಂಗಡಿಯವರು ಬರೀ ನೀರು ಕುಡಿಯುತ್ತಿದ್ದುದರಿಂದ ಅವರ ಹೆಸರು, ಮನೆ ವಿಳಾಸ, ಮಕ್ಕಳ ಶಾಲೆ ಎಲ್ಲವನ್ನೂ ನಾನೇ ತಿಳಿಸಿದೆ. ಐವರೂ ಗಮನವಿಟ್ಟು ಕೇಳಿದರು. ಒಬ್ಬನಂತೂ ಬರೆದುಕೊಂಡ. ಜನ ಇಷ್ಟು ಸಹಕರಿಸುತ್ತಾರೆಂದು ನಾನು ಅಂದುಕೊಂಡಿರಲಿಲ್ಲ.

ವಾರದ ನಂತರ ಅಂಗಡಿಯವರು ಮತ್ತೆ ಬಂದರು. ಈ ಸಲ ಎಡಗೈಗೂ ಪಟ್ಟಿ.

“ಮನೆಗೇ ಬಂದಿದ್ರು ಸಾರ್. ಈಗ ಹೆಸರು ಹಿಡಿದು ಕರೆದು ಹೊಡೀತಾರೆ.”

ಬಲಗೈ ಕುಲುಕಿ ಅಭಿನಂದಿಸಿದೆ. ಪರಿಚಯ ತೃಪ್ತಿಕರವಾಗಿ ಆರಂಭಗೊಂಡಿದೆ, ಬಾಕಿ ಅವಧಿ ಎರಡು ವರ್ಷ ಹನ್ನೊಂದು ತಿಂಗಳು ಮೂರು ವಾರ ಎಂದು ಹಿಂಬರಹ ಕೊಟ್ಟೆ. ಅವರು ಅದನ್ನು ಎರಡು ಸಲ ಓದಿದರು.

“ಅಲ್ಲೀವರೆಗೂ ನಾನು ಇರಬೇಕಲ್ಲ ಸಾರ್?”

ಅವರ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಆದ್ದರಿಂದ ನಿಯಮಾವಳಿ ನೋಡಿದೆ.

“ಇರಲೇಬೇಕು,” ಎಂದೆ. “ದೂರುದಾರರು ಖುದ್ದಾಗಿ ಹಾಜರಾಗಬೇಕು ಅಂತಿದೆ.”

ಅವರು ಆಗಲಿ ಎಂದು, ಹಿಂಬರಹ ಪಡೆದದ್ದಕ್ಕೆ ಸಹಿ ಹಾಕಿ ಹೋದರು.