ಮುಂದಕ್ಕೆ ಹೋದ ಬ್ರೇಕು, ಹಿಂದೆ ಉಳಿದ ಮನೆಯಾಕೆ

ಹೊಳೆನರಸೀಪುರ
೧೪ ಅಕ್ಟೋಬರ್ ೨೦೦೭

ಕ್ರೂಸರ್ ಬೈಕುಗಳ ಬ್ರೇಕು, ಗೇರುಗಳನ್ನು ಮುಂದಕ್ಕೆ ಚಾಚಿಸುವ ಕಿಟ್ಟಿನ ತಯಾರಕ ಮಹನೀಯರ ಸನ್ನಿಧಿಗೆ,

ಮಾನ್ಯರೇ,

ಐದಡಿ ಎರಡಂಗುಲದ ತೆಂಗಿನಕಾಯಿ ವ್ಯಾಪಾರಿ ನಂಜಯ್ಯ ಮಾಡುವ ನಮಸ್ಕಾರಗಳು. ಇಲ್ಲಿ ಹೇಮಾವತಿ ತುಂಬಿದ್ದಾಳೆ, ಕಾಯಿಗೆ ಬೇಡಿಕೆ ಚೆನ್ನಾಗಿದೆ, ನನ್ನ ಕಾಲುಗಳು ಮಾತ್ರ ತಮ್ಮ ನಿರೀಕ್ಷೆಯ ಮಟ್ಟಕ್ಕೆ ಬೆಳೆದಿಲ್ಲವೆಂದು ತಿಳಿಸಲು ವಿಷಾದಿಸುತ್ತೇನೆ.

ತಮ್ಮ ಕರಪತ್ರದ ಚಿತ್ರದಲ್ಲಿ ಮಹಾಶಯನೊಬ್ಬ ಆರಾಮಕುರ್ಚಿಯಲ್ಲಿ ಒರಗಿದಂತೆ ಕಾಲು ಚಾಚಿ ಬೈಕಿನಲ್ಲಿ ಹೋಗುತ್ತಿದ್ದಾನೆ. ಅದನ್ನು ತೋರಿಸಿ ನನಗೆ ಹುಚ್ಚು ಹಿಡಿಸಿದವನು ಚನ್ನರಾಯಪಟ್ಟಣದ ನನ್ನ ಷಡ್ಡಕ ಗೌರೀಶ. ನನ್ನದೇ ಮಾದರಿಯ ಬೈಕು ಇಟ್ಟವನು, ನನಗಿಂತ ಒಂದಂಗುಲ ಕುಳ್ಳ. ಕಿಟ್ಟಿನಲ್ಲಿ ಮೂರಂಗುಲದ್ದು, ಆರಂಗುಲದ್ದು ಎಂದು ಎರಡು ಅಳತೆ ಇದ್ದವು. ಶಾಲೆ ಮಕ್ಕಳಿಗೆ ಬಟ್ಟೆ ಹೊಲಿಸುವಾಗ ಇರಲಿ ಎಂದು ಒಂದಳತೆ ದೊಡ್ಡದನ್ನೇ ಹೊಲಿಸುವುದು ನಮ್ಮ ಕಡೆಯ ಪದ್ಧತಿ. ಅದೇ ಅಭ್ಯಾಸಬಲದಿಂದ, ನನ್ನ ಐವತ್ತೊಂದನೆಯ ವಯಸ್ಸಿನಲ್ಲಿ, ಆರಂಗುಲದ್ದನ್ನೇ ತರಿಸಿದೆ.

ಹಾಸನದ ಮೆಕ್ಯಾನಿಕ್ ಪಾಲಾಕ್ಷ ತಮ್ಮ ಸೂಚನೆಯನ್ನು ಚಾಚೂ ತಪ್ಪದೆ ಪಾಲಿಸಿದ. ಬ್ರೇಕು, ಗೇರು ಎರಡೂ ಆರಂಗುಲ ಮುಂದೆ ಹೋದವು. ಪಾದ ಇಡುವ ಅಗಲ ಹಲಗೆ, ಅಂದರೆ ಫ್ಲೋರ್‌ಬೋರ್ಡು, ಇದ್ದಲ್ಲೇ ಉಳಿಯಿತು. ಅದರ ಮೇಲೆ ಪಾದವಿಟ್ಟರೆ ಬ್ರೇಕು ಕಣ್ಣಿಗೆ ಕಾಣುತ್ತದೆ, ಕಾಲಿಗೆ ಸಿಗುವುದಿಲ್ಲ. ಸಿಗಬೇಕಾದರೆ ನಾನು ಸೀಟಿನಿಂದ ಜಾರಿ ಪೆಟ್ರೋಲ್ ಟ್ಯಾಂಕಿನ ಮೇಲೇರಬೇಕು. ಸ್ವಂತ ಬೈಕಿನ ಮೇಲೆಯೇ ಹೀಗೆ ಓಡಾಡಿಸಿ ವ್ಯಾಯಾಮ ಮಾಡಿಸುವ ತಮ್ಮ ಕಾಳಜಿಗೆ ನಾನು ಋಣಿ.

ನಮ್ಮ ಮನೆಯಾಕೆ ಪ್ರೇಮಕುಮಾರಿಯ ತವರು ಶಾಂತಿಗ್ರಾಮಕ್ಕೆ ಪ್ರತಿ ಭಾನುವಾರ ನಾವಿಬ್ಬರೂ ಬೈಕಿನಲ್ಲಿ ಹೋಗುವುದು ವಾಡಿಕೆ. ಕಳೆದ ತಿಂಗಳು ಹೀಗೆ ಹೊರಟಿದ್ದಾಗ ಎಮ್ಮೆಯೊಂದು ಅಡ್ಡ ಬಂತು. ನಾನು ಟ್ಯಾಂಕಿಗೆ ಜಾರಿ ಬ್ರೇಕು ಒತ್ತಿದೆ, ಎಮ್ಮೆ ಉಳಿಯಿತು, ಆದರೆ ನನ್ನ ಹೆಗಲ ಮೇಲಿದ್ದ ಆಕೆಯ ಕೈ ಗಾಳಿಯಲ್ಲಿ ನಿಂತಿತು. ಆಕೆ ಇಳಿದು ಸೆರಗು ಸರಿಮಾಡಿಕೊಂಡು, "ನೀವು ಅಷ್ಟು ಮುಂದಕ್ ಓಗಿ ಕೂತ್ಕಂಡ್ರೆ ನಾನ್ ಯಾರ್ ಎಗಲು ಇಡ್ಕಳ್ಲಿ?" ಎಂದು ಕೇಳಿ, ಬಂದ ಬಸ್ಸಿಗೆ ಕೈ ತೋರಿಸಿದಳು. ಅಂದಿನಿಂದ ಆಕೆ ಬಸ್ಸಿನಲ್ಲಿ, ನಾನು ಹಿಂದಿನ ಸೀಟಿಗೆ ಕಾಯಿ ಚೀಲ ಕಟ್ಟಿಕೊಂಡು ಬೈಕಿನಲ್ಲಿ. ಮೊಪೆಡ್ ಕಾಲದಿಂದ ಇಪ್ಪತ್ತನಾಲ್ಕು ವರ್ಷ ಆ ಕೈ ಈ ಹೆಗಲ ಮೇಲಿತ್ತು, ಮಾನ್ಯರೇ. ಅದಿಲ್ಲದೆ ನನಗೆ ಬಹಳ ಬೇಜಾರಾಗಿದೆ.

ಆದಕಾರಣ ತಾವು ದಯಮಾಡಿ ಎಡಕ್ಕೊಂದು ಬಲಕ್ಕೊಂದರಂತೆ ಆರಂಗುಲ ಹೆಚ್ಚು ಉದ್ದದ ಕಾಲುಗಳನ್ನು ರಿಜಿಸ್ಟರ್ಡ್ ಪಾರ್ಸೆಲ್ಲಿನಲ್ಲಿ ಕಳಿಸಿಕೊಡಬೇಕು. ದಾಸ್ತಾನು ಇಲ್ಲದಿದ್ದಲ್ಲಿ ಆಕೆಯ ಕೈಯನ್ನು ಅಷ್ಟೇ ಉದ್ದ ಮಾಡುವ ಕಿಟ್ಟನ್ನಾದರೂ ತಯಾರಿಸಬೇಕು. ಅದನ್ನು ಜೋಡಿಸಲು ಪಾಲಾಕ್ಷ ಒಪ್ಪುತ್ತಿಲ್ಲ, ಆಕೆಯನ್ನು ಕೇಳುವ ಧೈರ್ಯ ನನಗಿಲ್ಲ, ಆದ್ದರಿಂದ ತಮ್ಮ ಪ್ರತಿನಿಧಿಯೊಬ್ಬರನ್ನು ಖುದ್ದಾಗಿ ಕಳಿಸಬೇಕೆಂದು ಕೋರುತ್ತೇನೆ.

ಟ್ಯಾಂಕಿನ ಮೇಲಿಂದಲೇ ಕೈಮುಗಿಯುವ
ತಮ್ಮ ವಿಶ್ವಾಸಿ,
ನಂಜಯ್ಯ

ಮತ್ತೊಂದು ಮಾತು: ಈ ಪತ್ರವನ್ನು ಅಂಚೆಗೆ ಹಾಕುವುದು ಎರಡು ವಾರ ತಡವಾಯಿತು. ಅಷ್ಟರಲ್ಲಿ ಪಾಲಾಕ್ಷನಿಂದ ಕಿಟ್ಟು ಬಿಚ್ಚಿಸಿದೆ; ಹೋದ ಭಾನುವಾರ ಆ ಕೈ ಮತ್ತೆ ಹೆಗಲಿಗೆ ಬಂತು. ಬಿಚ್ಚಿದ ಕಿಟ್ಟನ್ನು ಪ್ರೀತಿಪೂರ್ವಕವಾಗಿ ಗೌರೀಶನಿಗೇ ಕೊಟ್ಟೆ. ಈ ಭಾನುವಾರ ಅವನ ಹೆಂಡತಿ ಶಾಂತಿಗ್ರಾಮಕ್ಕೆ ಬಸ್ಸಿನಲ್ಲಿ ಬಂದರು.