ದರ್ಜಿಯ ಅಭಿನಯದ ಮೇಲಿನ ಠರಾವು

ನಮ್ಮ ಅಭಿಮಾನಿ ಸಂಘದಲ್ಲಿ ಯಾವುದೇ ಸಿನಿಮಾದ ಬಗೆಗಿನ ಅಭಿಪ್ರಾಯವು ಅದರ ಬಿಡುಗಡೆಗೆ ಕನಿಷ್ಠ ಒಂಬತ್ತು ದಿನ ಮೊದಲೇ ಸಿದ್ಧವಾಗಿರುತ್ತದೆ. ಸಿನಿಮಾ ನೋಡಿದ ಮೇಲೆ ಅಭಿಪ್ರಾಯ ಹೇಳುವ ಸಂಘಗಳೂ ಇವೆಯೆಂದು ಕೇಳಿದ್ದೇನೆ. ಅವರ ಶಿಸ್ತಿನ ಬಗ್ಗೆ ನಾನು ಮಾತಾಡುವುದು ಸರಿಯಲ್ಲ.

ನಿಯಮಾವಳಿಯ ಏಳನೇ ಕಲಮು ಈ ವಿಷಯದಲ್ಲಿ ಸ್ಪಷ್ಟವಾಗಿದೆ: "ಸಿನಿಮಾ ನೋಡಿದವರು ಆ ಸಿನಿಮಾದ ಪ್ರಭಾವಕ್ಕೆ ಒಳಗಾಗಿರುವ ಕಾರಣ, ಸದರಿಯವರ ಅಭಿಪ್ರಾಯವನ್ನು ಪರಿಗಣಿಸತಕ್ಕದ್ದಲ್ಲ." ಈ ಕಲಮನ್ನು ಬರೆದವನು ನಾನೇ. ಕಾರ್ಯದರ್ಶಿಯಾಗಿ ಹನ್ನೊಂದು ವರ್ಷದಲ್ಲಿ ನಾನು ಬರೆದ ಸಾಲುಗಳಲ್ಲಿ ಅತಿ ಹೆಚ್ಚು ಚಪ್ಪಾಳೆ ಬಿದ್ದದ್ದು ಇದಕ್ಕೆ.

ನಮ್ಮ ಕಚೇರಿಯೆಂದರೆ ಚಿತ್ರಮಂದಿರದ ಹಿಂದಿನ ಕೋಣೆ. ಸ್ಪ್ರಿಂಗು ಕಿತ್ತುಹೋದ ಕುರ್ಚಿಗಳನ್ನು ಸಾಲುಸಾಲಾಗಿಯೇ ತಂದು ಅಲ್ಲಿ ಹಾಕಿರುವುದರಿಂದ ಸದಸ್ಯರೆಲ್ಲ ಒಂದೇ ಗೋಡೆಗೆ ಮುಖ ಮಾಡಿ ಕೂರುತ್ತಾರೆ. ಮಾತಾಡಿದವರ ಮುಖ ಯಾರಿಗೂ ಕಾಣದಿರುವುದು ಒಮ್ಮತಕ್ಕೆ ಬಹಳ ಅನುಕೂಲ. ನಮ್ಮತ್ತ ತಿರುಗಿ ಕೂರುವವರು ಅಧ್ಯಕ್ಷರೊಬ್ಬರೇ. ವೃತ್ತಿಯಲ್ಲಿ ಅವರು ಹಲ್ಲಿನ ಡಾಕ್ಟರು. ಎದುರಿಗಿದ್ದವರು ಬಾಯಿ ತೆರೆದುಕೊಂಡು ಸುಮ್ಮನಿರುವುದೇ ಅವರಿಗೆ ರೂಢಿ. ಹಾಗಾಗಿ ಅವರ ಅಧ್ಯಕ್ಷತೆಯ ಸಭೆಗಳು ಹೊತ್ತಿಗೆ ಸರಿಯಾಗಿ ಮುಗಿಯುತ್ತವೆ.

ನಮ್ಮ ನಾಯಕರ ಹೊಸ ಸಿನಿಮಾದ ಒಂದು ದೃಶ್ಯವನ್ನು ನಮ್ಮದೇ ಬೀದಿಯ ಟೈಲರ್ ಅಂಗಡಿಯಲ್ಲಿ ಚಿತ್ರೀಕರಿಸಿದರು. ನಾಯಕರು ಕೋಟು ಹೊಲಿಸಲು ಬರುತ್ತಾರೆ, ದರ್ಜಿ ಅಳತೆ ತೆಗೆಯುತ್ತಾನೆ, ನಾಯಕರು ಹೊರಡುತ್ತಾರೆ; ಒಟ್ಟು ನಲವತ್ತು ಸೆಕೆಂಡು. ದರ್ಜಿಯ ಪಾತ್ರಕ್ಕೆಂದೇ ಒಬ್ಬ ಹಿರಿಯ ನಟರನ್ನು ಕರೆತಂದಿದ್ದರು. ಹನ್ನೆರಡು ಸಿನಿಮಾಗಳಲ್ಲಿ ದರ್ಜಿಯಾಗಿದ್ದ ಅವರಿಗೆ ಅಂದು ಬೆಳಿಗ್ಗೆ ಜ್ವರ ಬಂತು. ನಿರ್ದೇಶಕರು ಅಂಗಡಿಯ ಮಾಲೀಕರಾದ ಟೈಲರಣ್ಣನನ್ನೇ ಕರೆದು, "ನೀವೇ ನಿಂತ್ಕೊಂಡುಬಿಡಿ. ದಿನಾ ಏನು ಮಾಡ್ತೀರೋ ಅದನ್ನೇ ಮಾಡಿ ಸಾಕು" ಅಂದರು.

ಟೈಲರಣ್ಣ ಮೂವತ್ತು ವರ್ಷದಿಂದ ಮಾಡುತ್ತಿದ್ದುದನ್ನೇ ಮಾಡಿದರು. ನಾಯಕರ ಸೊಂಟಕ್ಕೆ ಟೇಪು ಸುತ್ತಿ, "ಸಾರ್, ಸ್ವಲ್ಪ ಉಸಿರು ಬಿಡಿ" ಅಂದರು. ಕಾರಿನಿಂದ ಇಳಿದಾಗಿನಿಂದ ಹೊಟ್ಟೆ ಒಳಗೆಳೆದುಕೊಂಡೇ ನಿಂತಿದ್ದ ನಾಯಕರು ಅರಿವಿಲ್ಲದೆ ಉಸಿರು ಬಿಟ್ಟರು. "ನಲವತ್ತೊಂದೂವರೆ" ಎಂದು ಟೈಲರಣ್ಣ ಎಲ್ಲರಿಗೂ ಕೇಳುವಂತೆ ಓದಿ, ಪುಸ್ತಕದಲ್ಲಿ ಬರೆದುಕೊಂಡರು. ಬಿಸಿಲು ಇಳಿಯುತ್ತಿದ್ದುದರಿಂದ ನಿರ್ದೇಶಕರು ಓಕೆ ಅಂದುಬಿಟ್ಟರು.

ಮಾರನೆಯ ದಿನ ಟೈಲರಣ್ಣನ ಕಾಲು ನೆಲದ ಮೇಲಿರಲಿಲ್ಲ. ಬಂದ ಗಿರಾಕಿಗಳಿಗೆಲ್ಲ ಉಸಿರು ಬಿಡಿಸಿದ್ದನ್ನೂ ಅಂಕಿ ಓದಿದ್ದನ್ನೂ ಅಭಿನಯಿಸಿ ತೋರಿಸಿದರು. ಸುದ್ದಿ ಸಂಘಕ್ಕೆ ಮುಟ್ಟಿತು. ಸಂಘದ ದಾಖಲೆಯಲ್ಲಿ ನಾಯಕರ ಸೊಂಟ ಮೂವತ್ತೆರಡು ಅಂಗುಲ. ಇಪ್ಪತ್ತು ವರ್ಷದಿಂದ ಅದು ಮೂವತ್ತೆರಡೇ ಆಗಿದ್ದು, ಪ್ರತಿ ವಾರ್ಷಿಕ ಸಭೆಯಲ್ಲೂ ಅನುಮೋದನೆ ಪಡೆಯುತ್ತಾ ಬಂದಿದೆ. ತುರ್ತು ಸಭೆ ಕರೆಯದೆ ಗತ್ಯಂತರವಿರಲಿಲ್ಲ.

"ಯಾವ ಟೈಲರ್ ಆದ್ರೂ ನಮ್ಮ ನಾಯಕರ ಸೊಂಟ ನಲವತ್ತೊಂದೂವರೆ ಅಂತಾನೇನ್ರೀ?" ಎಂದು ಅಧ್ಯಕ್ಷರು ಕೇಳಿದರು.

ಯಾರೂ ಅನ್ನುವುದಿಲ್ಲವೆಂದು ಸಭೆ ಒಪ್ಪಿತು.

"ಹಾಗಾದ್ರೆ ಅಂದವನು ಟೈಲರ್ ಥರ ನಟಿಸಿಲ್ಲ ಅಂತ ತಾನೇ ಅರ್ಥ?"

ಸಿನಿಮಾ ಪೋಸ್ಟರು ನೋಡಿಯೇ ಅಳುವುದರಿಂದ ಕಣ್ಣೀರು ಮೇಷ್ಟ್ರು ಎಂದು ಹೆಸರಾದ ಹಿರಿಯ ಸದಸ್ಯರು ಎದ್ದು ನಿಂತು, "ಪಾತ್ರದ ಒಳಗೇ ಇಳಿದಿಲ್ಲ ಆಸಾಮಿ. ಕರುಳು ಚುರ್ ಅನ್ನತ್ತೆ" ಎಂದು ಕಣ್ಣೊರೆಸಿಕೊಂಡರು. ಠರಾವನ್ನು ನಾನು ಅಲ್ಲೇ ಬರೆದೆ:

"ಸದರಿ ಚಿತ್ರದಲ್ಲಿ ದರ್ಜಿಯ ಪಾತ್ರಧಾರಿಯ ಅಭಿನಯವು ಅಸಹಜವಾಗಿದ್ದು, ಟೇಪು ಹಿಡಿಯುವ ಕ್ರಮವಾಗಲಿ ಅಂಕಿ ಓದುವ ಕ್ರಮವಾಗಲಿ ಇವರಿಗೆ ತಿಳಿದಿಲ್ಲವೆಂದೂ, ಇವರು ಯಾವ ಕೋನದಿಂದಲೂ ದರ್ಜಿಯಂತೆ ಕಾಣುವುದಿಲ್ಲವೆಂದೂ ಸಭೆಯು ಸರ್ವಾನುಮತದಿಂದ ಅಭಿಪ್ರಾಯಪಟ್ಟಿತು."

ಇದನ್ನು ಅಚ್ಚು ಹಾಕಿಸಿ ಬೀದಿಬೀದಿಗೆ ಅಂಟಿಸಲಾಯಿತು. ಟೈಲರಣ್ಣನ ಅಂಗಡಿಯ ಗೋಡೆಗೂ ಒಂದು ಅಂಟಿಸಲಾಯಿತು. ಸಂಘವು ಯಾರಿಗೂ ತಾರತಮ್ಯ ಮಾಡುವುದಿಲ್ಲ.

ನಮ್ಮೂರಿನ ಜನ ಸಂಘದ ಅಭಿಪ್ರಾಯಕ್ಕೆ ಎಷ್ಟು ಬೆಲೆ ಕೊಡುತ್ತಾರೆಂಬುದು ಆ ವಾರ ತಿಳಿಯಿತು. ಒಬ್ಬೊಬ್ಬರಾಗಿ ಬಂದು ಬಟ್ಟೆ ವಾಪಸ್ ತೆಗೆದುಕೊಂಡು ಹೋದರು. ಔಷಧಿ ಅಂಗಡಿಯವರು ಹೊಲಿದು ಇಸ್ತ್ರಿ ಮಾಡಿಟ್ಟಿದ್ದ ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಹೊಲಿಗೆ ಚೆನ್ನಾಗೇ ಇದೆ ಅಣ್ಣ. ಆದ್ರೆ ಸಹಜವಾಗಿಲ್ಲ ಅಂತಿದಾರಲ್ಲ, ಹಾಕ್ಕೊಳ್ಳಕ್ಕೆ ಮನಸ್ಸು ಬರಲ್ಲ" ಅಂದರಂತೆ. ಹದಿನೈದನೆಯ ದಿನಕ್ಕೆ ಎರಡು ಮಿಷನ್ನಿಗೂ ಬಟ್ಟೆ ಹೊದಿಸಿ, ಟೈಲರಣ್ಣ ನೊಣ ಹೊಡೆಯುತ್ತಾ ಕೂತಿದ್ದರು. ಅಂಗಡಿ ಮುಚ್ಚಬೇಕಾದೀತೆಂದು ಬೀದಿಯಲ್ಲಿ ಮಾತಾಯಿತು.

ಅವರು ಮೇಲ್ಮನವಿ ಹಿಡಿದು ಕಚೇರಿಗೆ ಬಂದಾಗ ಕೊರಳಲ್ಲಿ ಟೇಪು ಹಾಗೇ ಇತ್ತು.

"ಡಾಕ್ಟ್ರೇ, ನೀವು ಹಾಕ್ಕೊಂಡಿರೋ ಪ್ಯಾಂಟು ನಾನು ಹೊಲಿದದ್ದು" ಅಂದರು.

ಅಧ್ಯಕ್ಷರು ಬಗ್ಗಿ ನೋಡಿಕೊಂಡರು. "ಪ್ಯಾಂಟಿನ ಬಗ್ಗೆ ಸಂಘಕ್ಕೆ ಯಾವ ತಕರಾರೂ ಇಲ್ಲ. ನೀವು ಟೈಲರ್ ಅನ್ನೋದೂ ಗೊತ್ತು. ಟೈಲರ್ ಥರ ಕಾಣಲ್ಲ ಅಷ್ಟೇ."

"ಟೈಲರ್ ಆದವನು ಇನ್ಯಾವ ಥರ ಕಾಣ್ಬೇಕು ಸ್ವಾಮಿ?"

"ನೋಡಿ, ಅದು ಕಲೆಗೆ ಸಂಬಂಧಪಟ್ಟಿದ್ದು."

ಟೈಲರಣ್ಣ ಕೈ ಮುಗಿದರು. "ಒಂದು ಉಪಕಾರ ಮಾಡಿ. ಸಿನಿಮಾ ಬಿಡುಗಡೆ ಆದ್ಮೇಲೆ ಒಂದ್ಸಲ ನೋಡ್ಬಿಟ್ಟು ಆಮೇಲೆ ಹೇಳಿ. ಮೂವತ್ತು ವರ್ಷದ ಕಸುಬು. ನನಗೆ ಬೇರೆ ಏನೂ ಬರಲ್ಲ."

ಮುಂದಿನ ಸಾಲಿನ ಸದಸ್ಯರು ಕಿವಿ ಮುಚ್ಚಿಕೊಂಡರು. ತಾವು ಎಂಥ ಮಾತಾಡಿದೆವೆಂದು ಪಾಪ ಅವರಿಗೆ ತಿಳಿದಿರಲಿಲ್ಲ. ನಾನು ಏಳನೇ ಕಲಮನ್ನು ಮೆಲ್ಲಗೆ ಓದಿ ಹೇಳಿದೆ. ಅವರ ಮುಖ ನೋಡಲು ನನಗೆ ಕಷ್ಟವಾಯಿತು. ಮೊದಲ ಸಂದರ್ಶನಕ್ಕೆ ನಾನು ತೊಟ್ಟ ಅಂಗಿ ಅವರೇ ಹೊಲಿದದ್ದು. ಆದರೆ ನಡಾವಳಿ ಪುಸ್ತಕದಲ್ಲಿ ಇಂಥದ್ದನ್ನು ಬರೆಯಲು ಜಾಗವಿಲ್ಲದ್ದರಿಂದ "ಮನವಿ ತಿರಸ್ಕೃತ" ಎಂದಷ್ಟೇ ಬರೆದೆ.

ಸಿನಿಮಾ ಬಿಡುಗಡೆಯಾಯಿತು. ನಿಯಮದಂತೆ ನಮ್ಮ ಸದಸ್ಯರು ಮೊದಲ ಆಟಕ್ಕೆ ಹಾಜರಿದ್ದು, ದರ್ಜಿಯ ದೃಶ್ಯ ಬಂದಾಗ ಕಣ್ಣು ಮುಚ್ಚಿಕೊಂಡು ಛೀಮಾರಿ ಹಾಕಿದರು. ಹಿಂದಿನ ಸಾಲಿನಲ್ಲಿದ್ದ ಟೈಲರಣ್ಣನ ಹೆಂಡತಿ ಕಣ್ಣು ಬಿಟ್ಟೇ ನೋಡಿದರು. ಆಟ ಮುಗಿದ ಮೇಲೆ ನೇರವಾಗಿ ಕಚೇರಿಗೆ ಬಂದರು.

"ನಮ್ಮವರು ಥೇಟ್ ನಮ್ಮವರ ಹಾಗೇ ಇದಾರೆ. ಟೇಪು ಹಿಡಿಯೋದು, ಕನ್ನಡಕ ಮೇಲೆತ್ತೋದು, ಎಲ್ಲಾ ಅದೇ. ಬರ್ಕೊಳ್ಳಿ ಸಾರ್" ಅಂದರು.

"ಅಮ್ಮಾ, ನೀವು ಸಿನಿಮಾ ನೋಡಿಬಿಟ್ಟಿದೀರಿ" ಅಂದರು ಅಧ್ಯಕ್ಷರು.

"ನೋಡದೆ ಹೇಗೆ ಹೇಳ್ಲಿ?"

"ಅದೇ ತೊಂದರೆ. ಅದರ ಮೇಲೆ ಅವರನ್ನೂ ದಿನಾ ನೋಡ್ತೀರಿ."

ಆ ತಾಯಿ ಅಲ್ಲೇ ಮುರಿದ ಕುರ್ಚಿಯಲ್ಲಿ ಕೂತು ಅತ್ತರು. ಒಲೆ ಹೊತ್ತಿಸುವುದು ಹೇಗೆಂದು ಕೇಳಿದರು. ಸಂಘವೇನೂ ಕಟುಕರ ಗುಂಪಲ್ಲ. ಕಣ್ಣೀರು ಮೇಷ್ಟ್ರು ಜೊತೆಗೂಡಿ ಅತ್ತರು, ಅಧ್ಯಕ್ಷರು ತಾವೇ ನೀರು ತಂದುಕೊಟ್ಟರು. ಅಭಿಪ್ರಾಯವನ್ನು ಬದಲಿಸಲು ಅವಕಾಶವಿಲ್ಲದ್ದರಿಂದ ಅಂಗಡಿಯನ್ನೇ ಅಭಿಪ್ರಾಯಕ್ಕೆ ಹೊಂದಿಸಬಹುದೆಂದು ಅಧ್ಯಕ್ಷರೇ ದಾರಿ ತೋರಿಸಿದರು. ದರ್ಜಿಯಂತೆ ಕಾಣುವವರೊಬ್ಬರು ಮುಂದೆ ಕೂರುವುದು, ಟೈಲರಣ್ಣ ಪರದೆಯ ಹಿಂದೆ ಹೊಲಿಯುವುದು. ಠರಾವು ಐದು ನಿಮಿಷದಲ್ಲಿ ಪಾಸಾಯಿತು.

ಜ್ವರ ಬಿಟ್ಟಿದ್ದ ಹಿರಿಯ ನಟರಿಗೂ ಆಗ ಕೆಲಸವಿರಲಿಲ್ಲ. ಅವರು ಬಂದು ಅಂಗಡಿಯ ಮುಂಭಾಗದಲ್ಲಿ ಕೂತ ದಿನ ಬೀದಿಯೇ ನಿಂತು ನೋಡಿತು. ಮೂಗಿನ ತುದಿಗೆ ಕನ್ನಡಕ, ಕಿವಿಯ ಹಿಂದೆ ಚಾಕ್‌ ತುಂಡು, ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡುವ ಗತ್ತು. ಟೇಪು ಓದುವ ಮೊದಲು ಒಂದು ನಿಟ್ಟುಸಿರು. ಔಷಧಿ ಅಂಗಡಿಯವರ ಹೊಟ್ಟೆಗೆ ಟೇಪು ಸುತ್ತಿ, ಅದರತ್ತ ನೋಡದೆ ಅವರ ಮುಖವನ್ನೇ ನೋಡಿ, "ಮೂವತ್ತು. ಕಾಲೇಜು ಹುಡುಗ ನೀವು" ಅಂದರು. ಔಷಧಿ ಅಂಗಡಿಯವರು ಮೂರು ಪ್ಯಾಂಟಿಗೆ ಬಟ್ಟೆ ಕೊಟ್ಟರು. ಪರದೆಯ ಸಂದಿಯಿಂದ ಟೈಲರಣ್ಣ ಕಣ್ಣಳತೆಯಲ್ಲೇ ನಿಜವಾದ ಅಂಕಿ ಬರೆದುಕೊಂಡರು.

ಒಂದು ತಿಂಗಳಲ್ಲಿ ಎರಡು ಮಿಷನ್ನುಗಳೂ ಓಡತೊಡಗಿದವು. ಹೊಸ ಟೈಲರ್ ಕೈಗುಣ ಚೆನ್ನಾಗಿದೆ, ಹಳಬರಲ್ಲಿ ಈ ಫಿಟ್ಟಿಂಗ್ ಇರಲಿಲ್ಲ ಎಂದು ಜನ ಹೊಗಳುತ್ತಾರೆ. ಇದೂ ಅಭಿಪ್ರಾಯವಾದ್ದರಿಂದ ನಾನು ದಾಖಲಿಸಿದ್ದೇನೆ.

ಮೊನ್ನೆ ನಾನೂ ಒಂದು ಅಂಗಿ ಹೊಲಿಸಲು ಹೋಗಿದ್ದೆ. ವಾರದ ರಜೆ, ಅಂಗಡಿ ಬಾಗಿಲು ಅರ್ಧ ಎಳೆದಿತ್ತು. ಒಳಗೆ ಟೈಲರಣ್ಣ ತಮ್ಮದೇ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ನಟರು ಎದುರು ನಿಂತು ಅವರ ಗಲ್ಲ ಹಿಡಿದು ಎತ್ತಿ, "ಟೇಪು ನೋಡ್ಬಾರ್ದು ಅಂತ ಎಷ್ಟು ಸಲ ಹೇಳ್ಲಿ?" ಎಂದು ತಿದ್ದುತ್ತಿದ್ದರು. ಟೈಲರಣ್ಣನಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ.

"ಸಂಘ ಹೇಳಿದ್ದು ಸರಿ ಇತ್ತು ಸಾರ್" ಅಂದರು. "ಮೂವತ್ತು ವರ್ಷ ಬರೀ ಅಳತೆ ತಗೊಳ್ತಾ ಕೂತಿದ್ದೆ. ಟೈಲರ್ ಥರ ಒಂದು ದಿನಾನೂ ಇರ್ಲಿಲ್ಲ."

ಕಾಫಿ ತಂದ ಅವರ ಹೆಂಡತಿ ಮೊದಲ ಲೋಟವನ್ನು ನಟರಿಗೆ ಕೊಟ್ಟು, ಗಂಡನನ್ನು ಸ್ವಲ್ಪ ಹೊತ್ತು ತಲೆ ಓರೆ ಮಾಡಿ ನೋಡಿದರು.

"ಈಗೀಗ ಪರವಾಗಿಲ್ಲ ಸಾರ್, ಎಷ್ಟೋ ಸುಧಾರಿಸಿದಾರೆ" ಅಂದರು. "ಸೂಜಿ ಕೈಗೆ ತಗೊಂಡಾಗ ಮಾತ್ರ ಎಲ್ಲಾ ಕೆಡಿಸ್ಕೋತಾರೆ."